ನಾಗರಭಾವಿಯ ನಂಟು, ರಾಂಚಿಯ ದಾರಿ

2020ರ ಮೇ 28, ಗುರುವಾರ. ಬೆಳಗಿನ ಆರು ಗಂಟೆಯ ಹೊತ್ತಿಗೆ ಏರ್‌ಏಷ್ಯಾ ಇಂಡಿಯಾದ ವಿಮಾನವೊಂದು ಮುಂಬೈಯಿಂದ ರಾಂಚಿಗೆ ಹೊರಟಿತು. ಅದರಲ್ಲಿ ಕುಳಿತಿದ್ದವರು ಜಾರ್ಖಂಡ್‌ನ 170ಕ್ಕೂ ಹೆಚ್ಚು ವಲಸೆ ಕಾರ್ಮಿಕರು. ಹೆಚ್ಚಿನವರಿಗೆ ಅದೇ ಮೊದಲ ವಿಮಾನಯಾನ. ಎರಡು ತಿಂಗಳಿಂದ ಕೂಲಿ ಇಲ್ಲದೆ ಮುಂಬೈಯಲ್ಲಿ ಸಿಕ್ಕಿಬಿದ್ದವರ ಟಿಕೆಟ್ಟಿನ ಹಣ ಸರ್ಕಾರದ್ದಲ್ಲ, ಅವರನ್ನು ಕೆಲಸಕ್ಕೆ ಕರೆತಂದ ಗುತ್ತಿಗೆದಾರರದ್ದೂ ಅಲ್ಲ. ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಯೂನಿವರ್ಸಿಟಿಯ ಹಳೆಯ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಕೂಡಿಸಿದ ಹಣ ಅದು.

ಕೋವಿಡ್ ಕಾಲದಲ್ಲಿ ನಾಡಿನ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ನಡೆದುಕೊಂಡ ರೀತಿಯನ್ನು ದಾಖಲಿಸುವಾಗ ಈ ಪ್ರಸಂಗಕ್ಕೆ ವಿಶೇಷ ಸ್ಥಾನ ಕೊಡಬೇಕು. ಹಳೆಯ ವಿದ್ಯಾರ್ಥಿಗಳ ಕೊಡುಗೆ ಸಾಮಾನ್ಯವಾಗಿ ಓದಿದ ಕಾಲೇಜಿಗೇ ಮರಳುತ್ತದೆ. ಗ್ರಂಥಾಲಯಕ್ಕೊಂದು ಕೊಠಡಿ, ಗುರುಗಳ ಹೆಸರಿನಲ್ಲಿ ಚಿನ್ನದ ಪದಕ, ಬಡ ವಿದ್ಯಾರ್ಥಿಗಳಿಗೆ ವೇತನ, ಇವೆಲ್ಲ ಬೇಕಾದವೇ. ಆದರೆ ಆ ಮೇ ತಿಂಗಳಲ್ಲಿ ಕೊಡುಗೆ ಹೋದದ್ದು ನಾಗರಭಾವಿಯ ಹೆಸರನ್ನೇ ಕೇಳಿರದ ಜನರಿಗೆ. ಒಂದು ಕಾಲೇಜು ತನ್ನ ಮಕ್ಕಳಲ್ಲಿ ಏನನ್ನು ಬೆಳೆಸಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಶಾಲೆ ಹುಟ್ಟಿದ ಬಗೆ

ಭಾರತದಲ್ಲಿ ಕಾನೂನು ಓದುವುದೆಂದರೆ ಒಂದು ಕಾಲಕ್ಕೆ ಬೇರೆ ದಾರಿ ಕಾಣದವರು ಹಿಡಿಯುವ ಸಂಜೆ ಕಾಲೇಜಿನ ಹಾದಿ ಎಂಬ ಭಾವನೆಯಿತ್ತು. ಅದನ್ನು ಬದಲಿಸಬೇಕೆಂದು ಭಾರತೀಯ ವಕೀಲರ ಪರಿಷತ್ತು ಮಾದರಿ ಕಾನೂನು ಶಾಲೆಯೊಂದನ್ನು ಕಟ್ಟಲು ಹೊರಟಾಗ ಅದಕ್ಕೆ ನೆಲೆ ಕೊಟ್ಟದ್ದು ಕರ್ನಾಟಕ. ರಾಜ್ಯದ ಶಾಸನಸಭೆ 1986ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಮಾಡಿತು. ಪ್ರೊ. ಎನ್.ಆರ್. ಮಾಧವ ಮೆನನ್ ಸ್ಥಾಪಕ ನಿರ್ದೇಶಕರಾಗಿ ಬಂದರು. 1988ರಲ್ಲಿ ಮೊದಲ ತಂಡಕ್ಕೆ ಪಾಠ ಶುರುವಾಯಿತು, 1993ರಲ್ಲಿ ಆ ತಂಡ ಪದವಿ ಪಡೆದು ಹೊರಬಂತು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಹೊಂದಿಕೊಂಡ 23 ಎಕರೆಯಲ್ಲಿ ಶಾಲೆಯ ಆವರಣ ಎದ್ದಿತು.

ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಐದು ವರ್ಷ ಹಾಸ್ಟೆಲಿನಲ್ಲೇ ಇದ್ದು ಬಿ.ಎ., ಎಲ್‌ಎಲ್‌.ಬಿ. ಮುಗಿಸುವ ಪದ್ಧತಿ ಇಲ್ಲಿಂದಲೇ ದೇಶಕ್ಕೆ ಹರಡಿತು. ಇಂದು ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಈ ಮಾದರಿಯಲ್ಲಿ ನಡೆಯುತ್ತಿವೆ. ಮೊದಮೊದಲ ವರ್ಷಗಳಲ್ಲಿ ಒಂದು ತಂಡದಲ್ಲಿ ನೂರು ಜನವೂ ಇರುತ್ತಿರಲಿಲ್ಲ. ದೇಶದ ಎಲ್ಲ ಮೂಲೆಗಳಿಂದ ಬಂದವರು ಒಂದೇ ಮೆಸ್ಸಿನಲ್ಲಿ ಉಂಡು, ಒಂದೇ ಗ್ರಂಥಾಲಯದಲ್ಲಿ ರಾತ್ರಿ ಕಳೆದು, ಮೂರು ತಿಂಗಳಿಗೊಮ್ಮೆ ಬರುವ ಪರೀಕ್ಷೆಗಳನ್ನು ಒಟ್ಟಿಗೆ ಎದುರಿಸಿದರು. ಐದು ವರ್ಷ ಹೀಗೆ ಬದುಕಿದವರ ನಡುವೆ ಒಂದು ಸಲಿಗೆ ಬೆಳೆಯುತ್ತದೆ. ಹತ್ತು ವರ್ಷ ಮಾತಿಲ್ಲದಿದ್ದರೂ ಅರ್ಧರಾತ್ರಿ ಫೋನ್ ಮಾಡಿ ‘ಒಂದು ಕೆಲಸ ಆಗಬೇಕಿತ್ತು ಕಣೋ’ ಎನ್ನುವಷ್ಟು ಸಲಿಗೆ ಅದು.

ಮೆನನ್ ಅವರು ಕಾನೂನು ಶಿಕ್ಷಣವನ್ನು ಕೋರ್ಟಿನ ವಾದಕ್ಕೋ ಕಂಪನಿಯ ಸಂಬಳಕ್ಕೋ ಸೀಮಿತಗೊಳಿಸಲು ಒಪ್ಪಿದವರಲ್ಲ. ಬಡವರಿಗೆ ಉಚಿತ ಕಾನೂನು ನೆರವು ಕೊಡುವುದು ಕಲಿಕೆಯ ಭಾಗವೇ ಆಗಬೇಕೆಂಬುದು ಅವರ ನಿಲುವಾಗಿತ್ತು. ವಿದ್ಯಾರ್ಥಿಗಳ ಕಾನೂನು ನೆರವು ಕೇಂದ್ರ ಆ ನಿಲುವಿನ ಫಲ. ಅವರು 2019ರ ಮೇ 8ರಂದು ತೀರಿಕೊಂಡರು. 2020ರ ಜನವರಿಯಲ್ಲಿ ಮರಣೋತ್ತರ ಪದ್ಮಭೂಷಣ ಘೋಷಣೆಯಾಯಿತು. ಅವರ ಶಿಷ್ಯರಿಗೆ ಅವರ ಪಾಠ ಎಷ್ಟು ಹಿಡಿಸಿತ್ತು ಎಂಬುದು ಗೊತ್ತಾಗಲು ಮುಂದೆ ನಾಲ್ಕೇ ತಿಂಗಳು ಬೇಕಾಯಿತು.

ದುಡಿಯುವ ಕೈಗಳು ಬೀದಿಗೆ ಬಂದಾಗ

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿ ಮಾತನಾಡಿದರು, ಅದೇ ನಡುರಾತ್ರಿಯಿಂದ ದೇಶ ಬಾಗಿಲು ಹಾಕಿಕೊಂಡಿತು. ದಿನಗೂಲಿಯವರಿಗೆ ಸಿಕ್ಕಿದ್ದು ನಾಲ್ಕು ಗಂಟೆಯ ಅವಧಿ. ಕಟ್ಟಡದ ಕೆಲಸ ನಿಂತಿತು, ಮೇಸ್ತ್ರಿ ಫೋನ್ ಎತ್ತಲಿಲ್ಲ, ತಗಡಿನ ಶೆಡ್ಡಿನಲ್ಲಿ ಅಕ್ಕಿ ಮುಗಿಯಿತು. ಸಿಕ್ಕಿಬಿದ್ದವರ ಕರೆಗಳಿಗೆ ಓಗೊಡಲು ಮಾರ್ಚ್ ಕೊನೆಯಲ್ಲೇ ಹುಟ್ಟಿದ ‘ಸ್ವಾನ್’ ಎಂಬ ಸ್ವಯಂಸೇವಕರ ಜಾಲ ಏಪ್ರಿಲ್ ಮಧ್ಯದಲ್ಲಿ ಪ್ರಕಟಿಸಿದ ವರದಿ ಪರಿಸ್ಥಿತಿಯನ್ನು ಅಂಕಿಗಳಲ್ಲಿ ಹೇಳಿತು. ಅದು ಸಂಪರ್ಕಿಸಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ 96 ಮಂದಿಗೆ ಸರ್ಕಾರದ ಪಡಿತರ ತಲುಪಿರಲಿಲ್ಲ. ನೂರಕ್ಕೆ 89 ಮಂದಿಗೆ ಲಾಕ್‌ಡೌನ್ ಅವಧಿಯ ಕೂಲಿಯೇ ಸಿಕ್ಕಿರಲಿಲ್ಲ.

ಜನ ನಡೆದರು. ಮೇ 8ರಂದು ಔರಂಗಾಬಾದ್ ಬಳಿ ಹಳಿಯ ಮೇಲೆ ದಣಿದು ಮಲಗಿದ್ದ 16 ಮಂದಿಯ ಮೇಲೆ ಗೂಡ್ಸ್ ರೈಲು ಹರಿಯಿತು. ಮೇ 1ರಿಂದ ವಲಸೆ ಕಾರ್ಮಿಕರನ್ನು ಊರು ಮುಟ್ಟಿಸುವ ಶ್ರಮಿಕ್ ರೈಲುಗಳು ಓಡತೊಡಗಿದ್ದವು. ಮೊದಲನೆಯದು ತೆಲಂಗಾಣದ ಲಿಂಗಂಪಲ್ಲಿಯಿಂದ ರಾಂಚಿ ಪಕ್ಕದ ಹಟಿಯಾಕ್ಕೆ ಹೋಯಿತು. ಆದರೆ ರೈಲು ಹತ್ತಲು ಹೆಸರು ನೋಂದಾಯಿಸಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಕಳಿಸುವ ರಾಜ್ಯವೂ ಕರೆಸಿಕೊಳ್ಳುವ ರಾಜ್ಯವೂ ಒಪ್ಪಬೇಕು. ಮುಂಬೈಯಲ್ಲಿ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟು ಕರೆಗಾಗಿ ಕಾದವರಿಗೆ ಲೆಕ್ಕವಿಲ್ಲ.

ಬೆಂಗಳೂರಿನ ಕಥೆಯೂ ಬೇರೆಯಾಗಿರಲಿಲ್ಲ. ಮೇ ಮೊದಲ ವಾರ ಬಿಲ್ಡರುಗಳ ಜೊತೆ ನಡೆದ ಸಭೆಯ ಬೆನ್ನಲ್ಲೇ ರಾಜ್ಯ ಸರ್ಕಾರ ಶ್ರಮಿಕ್ ರೈಲುಗಳನ್ನು ರದ್ದು ಮಾಡುವಂತೆ ನೈಋತ್ಯ ರೈಲ್ವೆಗೆ ಬರೆಯಿತು. ಕಟುವಾದ ಟೀಕೆ ಬಂದ ಮೇಲೆ ರೈಲುಗಳು ಮತ್ತೆ ಓಡಿದವು. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹೆಸರು ಬರೆಸಿ ಮೆಸೇಜ್ ಬರಲೆಂದು ಕಾಯುತ್ತಿದ್ದವರು ಮೇ ಕೊನೆಯಲ್ಲಿ ಅರಮನೆ ಮೈದಾನದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸೇರಿದ್ದನ್ನು ನಗರ ನೋಡಿದೆ. ಹಣವಿಲ್ಲದ ಕಾರಣಕ್ಕೆ ಯಾರ ಪ್ರಯಾಣವೂ ನಿಲ್ಲಬಾರದೆಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ ತಳೆದ ಬಳಿಕ ಸರ್ಕಾರ ರೈಲಿನ ವೆಚ್ಚ ಭರಿಸಲು ಒಪ್ಪಿಕೊಂಡಿತು.

ಕಲಬುರಗಿ, ರಾಯಚೂರು, ಯಾದಗಿರಿಯ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗುಳೆ ಹೋಗುವುದೆಂದರೆ ಏನೆಂದು ಅವರಿಗೆ ಗೊತ್ತು. ಹಬ್ಬಕ್ಕೆ ಊರಿಗೆ ಬರುತ್ತೇವೆಂಬ ಒಂದು ಭರವಸೆಯ ಮೇಲೆ ಗುಳೆ ಹೋದವರ ಬದುಕು ನಿಂತಿರುತ್ತದೆ. ಆ ಬಾರಿ ಮುರಿದದ್ದು ಆ ಭರವಸೆಯೇ.

ವಿಮಾನ ಹತ್ತುವ ಮುನ್ನ

ಮೇ 25ರಂದು ದೇಶದೊಳಗಿನ ವಿಮಾನಗಳು ಮತ್ತೆ ಹಾರಾಡತೊಡಗಿದವು. ಮುಂಬೈಯ ಪೊವಾಯಿಯಲ್ಲಿ, ಐಐಟಿಯ ಸುತ್ತಮುತ್ತ ಸಿಕ್ಕಿಬಿದ್ದಿದ್ದ ಜಾರ್ಖಂಡ್ ಕಾರ್ಮಿಕರ ವಿಚಾರ ಲಾ ಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಕಿವಿಗೆ ಬಿದ್ದಿತ್ತು. ಮುಂಬೈಯಿಂದ ರಾಂಚಿಗೆ ರಸ್ತೆಯಲ್ಲಿ ಸುಮಾರು 1,700 ಕಿಲೋಮೀಟರ್. ಬಸ್ಸಿನಲ್ಲಿ ಕಳಿಸುವುದಾದರೆ ಹಲವು ರಾಜ್ಯಗಳ ಗಡಿ ದಾಟಬೇಕು, ಒಂದೊಂದು ಗಡಿಯಲ್ಲೂ ಪರವಾನಗಿ ತೋರಿಸಬೇಕು, ಸುಡುಬಿಸಿಲಲ್ಲಿ ಎರಡು ಮೂರು ದಿನ ಕೂತಿರಬೇಕು. ವಿಮಾನದಲ್ಲಾದರೆ ಎರಡೂವರೆ ಗಂಟೆ. ವಿಮಾನವನ್ನೇ ಗೊತ್ತುಮಾಡಿದರೆ ಹೇಗೆ ಎಂಬ ಯೋಚನೆ ಅಲ್ಲಿ ಮೊಳೆಯಿತು. ವಿಮಾನ ಸಂಚಾರ ಶುರುವಾದ ನಾಲ್ಕನೆಯ ದಿನವೇ ಅದು ಕೈಗೂಡಿತು.

ಮೂರು ದಿನದಲ್ಲಿ ಇದು ಹೇಗೆ ಆಗುತ್ತದೆ? ಹಣ ಕೂಡಿಸುವುದು ಈ ಕೆಲಸದ ಸುಲಭದ ಭಾಗ. ಬ್ಯಾಚಿನ ಗುಂಪುಗಳಲ್ಲಿ ಒಂದು ಮೆಸೇಜ್ ಹೋದರೆ, ಕೇಳುವವರು ಯಾರೆಂದು ಗೊತ್ತಿದ್ದರೆ, ಕೊಡುವವರು ಯೋಚಿಸುತ್ತ ಕೂರುವುದಿಲ್ಲ. ಕಷ್ಟವಿರುವುದು ಆಮೇಲೆ. ನಿಜಕ್ಕೂ ಊರಿಗೆ ಹೋಗಬೇಕಾದವರು ಯಾರು, ಎಲ್ಲಿದ್ದಾರೆ ಎಂಬುದನ್ನು ಬಸ್ತಿಗಳಲ್ಲಿ ಓಡಾಡುತ್ತಿದ್ದ ಸ್ವಯಂಸೇವಾ ಸಂಸ್ಥೆಗಳು ಮಾತ್ರ ಹೇಳಬಲ್ಲವು. ಆಧಾರ್ ಕಾರ್ಡಿನಲ್ಲಿರುವಂತೆಯೇ ಪ್ರತಿಯೊಬ್ಬರ ಹೆಸರೂ ಟಿಕೆಟ್ಟಿನಲ್ಲಿ ಮೂಡಬೇಕು. ಆ ದಿನಗಳಲ್ಲಿ ವೆಬ್ ಚೆಕ್-ಇನ್ ಕಡ್ಡಾಯ, ಬೋರ್ಡಿಂಗ್ ಪಾಸ್ ಮೊದಲೇ ಕೈಯಲ್ಲಿರಬೇಕು, ವಿಮಾನಕ್ಕೆ ಎರಡು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು, ಮಾಸ್ಕ್ ಬೇಕು, ಮೈಬಿಸಿ ನೋಡಿಸಿಕೊಳ್ಳಬೇಕು. ಒಬ್ಬರಿಗೆ ಒಂದೇ ಲಗೇಜು. ವಿಮಾನದೊಳಗೆ ಊಟ ಇಲ್ಲ. ಗಂಟುಮೂಟೆ ಕಟ್ಟಿ ರೈಲಿನ ಜನರಲ್ ಬೋಗಿಯಲ್ಲೇ ಓಡಾಡಿದವರಿಗೆ ಈ ನಿಯಮಗಳು ಒಂದೊಂದೂ ಹೊಸದು. ಸ್ಮಾರ್ಟ್‌ಫೋನ್ ಇಲ್ಲದವರ ಬೋರ್ಡಿಂಗ್ ಪಾಸನ್ನು ಬೇರೆಯವರೇ ತೆಗೆದುಕೊಡಬೇಕು. ಬಸ್ಸು ಲೋಕಲ್ಲು ಇಲ್ಲದ ಮುಂಬೈಯಲ್ಲಿ ಬೆಳಗಿನ ಜಾವಕ್ಕೆ ಅಷ್ಟು ಜನರನ್ನು ನಿಲ್ದಾಣಕ್ಕೆ ಮುಟ್ಟಿಸಬೇಕು. ಠಾಣೆಗೆ ತಿಳಿಸಬೇಕು. ಅತ್ತ ಜಾರ್ಖಂಡ್ ಸರ್ಕಾರಕ್ಕೆ ಮೊದಲೇ ಪಟ್ಟಿ ಕಳಿಸಬೇಕು. ಇಲ್ಲದಿದ್ದರೆ ಇಳಿದ ಮೇಲೆ ಊರು ಮುಟ್ಟುವ ದಾರಿಯೇ ಇರುವುದಿಲ್ಲ.

ಈ ಪಟ್ಟಿಯನ್ನು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇಲ್ಲಿ ಬೇಕಾದದ್ದು ದೊಡ್ಡ ಮೊತ್ತದ ಚೆಕ್ಕಿಗಿಂತ ಹೆಚ್ಚಾಗಿ ಸರ್ಕಾರಿ ಆದೇಶ ಓದಬಲ್ಲ ಕಣ್ಣು, ಸರಿಯಾದ ಅಧಿಕಾರಿಗೆ ಸರಿಯಾದ ಪತ್ರ ಬರೆಯಬಲ್ಲ ಕೈ, ಪ್ರತಿಯೊಂದು ಊರಿನಲ್ಲೂ ನಂಬಬಹುದಾದ ಒಬ್ಬರು. ಗೃಹ ಸಚಿವಾಲಯದ ಆದೇಶಗಳು ವಾರಕ್ಕೊಮ್ಮೆ ಬದಲಾಗುತ್ತಿದ್ದ ಕಾಲದಲ್ಲಿ ಕಾನೂನು ಓದಿದವರ ಜಾಲಕ್ಕೆ ಇವೆಲ್ಲ ಇದ್ದವು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ವಕೀಲರು, ಮುಂಬೈಯಲ್ಲಿ ಕಂಪನಿ ಕಾನೂನು ನೋಡುವವರು, ಬೆಂಗಳೂರಿನಲ್ಲಿ ಸಂಶೋಧಕರು, ವಿದೇಶದಲ್ಲಿ ಪಾಠ ಮಾಡುವವರು, ಎಲ್ಲರೂ ಒಂದೇ ಹಾಸ್ಟೆಲಿನಿಂದ ಹೊರಟವರು. ತಮ್ಮ ಕಸುಬನ್ನೇ ಅವರು ಕೊಡುಗೆಯಾಗಿ ಕೊಟ್ಟರು.

ವಿಮಾನ ಎಂಟೂವರೆಯ ಹೊತ್ತಿಗೆ ರಾಂಚಿಯ ಬಿರ್ಸಾ ಮುಂಡಾ ನಿಲ್ದಾಣದಲ್ಲಿ ಇಳಿಯಿತು. ಇಳಿದವರಿಗೆ ಊಟದ ಪೊಟ್ಟಣ, ನೀರು ಸಿದ್ಧವಿತ್ತು. ಅವರವರ ಜಿಲ್ಲೆಗೆ ಕರೆದೊಯ್ಯಲು ಬಸ್ಸುಗಳು ಕಾದಿದ್ದವು. ಮುಖ್ಯಮಂತ್ರಿ ಹೇಮಂತ್ ಸೊರೇನ್ ಅವರು ಹಳೆಯ ವಿದ್ಯಾರ್ಥಿಗಳ ಬಳಗಕ್ಕೆ ಬಹಿರಂಗವಾಗಿ ಕೃತಜ್ಞತೆ ಹೇಳಿದರು.

ಬೆಂಗಳೂರಿನಿಂದ ರಾಯಪುರಕ್ಕೆ

ಮೊದಲ ವಿಮಾನದ ಸುದ್ದಿ ಹರಡಿದಂತೆ ಇತರ ಕಾನೂನು ವಿಶ್ವವಿದ್ಯಾಲಯಗಳ ಹಳೆಯ ವಿದ್ಯಾರ್ಥಿಗಳೂ ಜೊತೆಗೂಡಿದರು. ಜೂನ್ ಮೊದಲ ವಾರ ಬೆಂಗಳೂರಿನಿಂದಲೇ ಛತ್ತೀಸಗಢದ ಕಾರ್ಮಿಕರನ್ನು ಹೊತ್ತ ವಿಮಾನ ರಾಯಪುರಕ್ಕೆ ಹೋಯಿತು. ನಾಗರಭಾವಿಯವರ ಜೊತೆ ಹೈದರಾಬಾದಿನ ನಲ್ಸಾರ್ ಮತ್ತು ರಾಯಪುರದ ಹಿದಾಯತುಲ್ಲಾ ಕಾನೂನು ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಇದರಲ್ಲಿ ಕೈಜೋಡಿಸಿದ್ದರು. ಪ್ರವೇಶ ಪರೀಕ್ಷೆಯ ದಿನದಿಂದಲೂ ಒಬ್ಬರಿಗೊಬ್ಬರು ಪೈಪೋಟಿಯೆಂದು ಎಣಿಸುವ ಸಂಸ್ಥೆಗಳಿವು. ಒಂದೊಂದು ಊರಿನಲ್ಲಿ ಒಂದೊಂದು ಸಂಸ್ಥೆಯವರ ಕೈ ಉದ್ದ. ರಾಯಪುರದಲ್ಲಿ ಇಳಿಯುವವರಿಗೆ ರಾಯಪುರದಲ್ಲಿ ಓದಿದವರೇ ಗೊತ್ತಿದ್ದರೆ ಎಷ್ಟು ಅನುಕೂಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕರ್ನಾಟಕಕ್ಕೆ ಇದರಲ್ಲಿ ನೇರವಾದ ಪಾಲಿದೆ. ಬೆಂಗಳೂರಿನ ಮೆಟ್ರೊ, ಅಪಾರ್ಟ್‌ಮೆಂಟು, ಟೆಕ್ ಪಾರ್ಕುಗಳ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡಿದವರಲ್ಲಿ ಪೂರ್ವ ಮತ್ತು ಮಧ್ಯ ಭಾರತದವರು ಬಹಳ. ಈ ನಗರದ ನೆಲದಲ್ಲಿ ಓದಿದವರು ಈ ನಗರವನ್ನು ಕಟ್ಟಿದವರ ಪ್ರಯಾಣದ ಹೊಣೆ ಹೊತ್ತರು. ನಾಡಿನ ವಿದ್ಯಾಸಂಸ್ಥೆಗಳ ಇತಿಹಾಸದಲ್ಲಿ ಹೆಮ್ಮೆಯಿಂದ ಬರೆದಿಡಬೇಕಾದ ಪುಟವಿದು.

ದಾನದ ಮಿತಿ, ಹಕ್ಕಿನ ಮಾತು

ಹೆಮ್ಮೆಯ ಜೊತೆಗೆ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು. ಒಂದು ಎ320 ವಿಮಾನದಲ್ಲಿ 180 ಸೀಟು. ಶ್ರಮಿಕ್ ರೈಲುಗಳು ಒಟ್ಟು 63 ಲಕ್ಷಕ್ಕೂ ಹೆಚ್ಚು ಜನರನ್ನು ಊರು ಮುಟ್ಟಿಸಿದವು. ನಡೆದೇ ಹೋದವರ ಲೆಕ್ಕ ಇಟ್ಟವರಿಲ್ಲ. ಊರಿಗೆ ಮರಳುವ ದಾರಿಯಲ್ಲಿ ಸತ್ತ ಕಾರ್ಮಿಕರ ಅಂಕಿಅಂಶ ತನ್ನಲ್ಲಿಲ್ಲವೆಂದು ಕೇಂದ್ರ ಸರ್ಕಾರವೇ ಆ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ಹೇಳಿತು. ಇಂಥ ಸಂಕಟದ ಮುಂದೆ ಯಾವ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಹಣವೂ ಸಾಲದು.

ಕಾನೂನು ಓದಿದವರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಿಂದಲೇ ಇತ್ತು. ಗುತ್ತಿಗೆದಾರರ ಮೂಲಕ ಹೊರರಾಜ್ಯಕ್ಕೆ ಹೋದ ಕಾರ್ಮಿಕನ ಊರಿನಿಂದ ಕೆಲಸದ ಜಾಗಕ್ಕೆ ಹೋಗಿಬರುವ ಖರ್ಚನ್ನು ಗುತ್ತಿಗೆದಾರನೇ ಕೊಡಬೇಕು, ಪ್ರಯಾಣದ ದಿನಗಳಿಗೂ ಕೂಲಿ ಕೊಡಬೇಕು ಎಂದು ಅದರ 15ನೆಯ ಕಲಮು ಹೇಳುತ್ತಿತ್ತು. ಆ ಒಂದು ಕಲಮನ್ನು ನಲವತ್ತು ವರ್ಷ ನೆಟ್ಟಗೆ ಜಾರಿ ಮಾಡಿದ್ದರೆ ಎಷ್ಟೋ ಜನರಿಗೆ ವಿಮಾನಕ್ಕಾಗಿ ಹಣ ಕೂಡಿಸುವ ಅಗತ್ಯವೇ ಬರುತ್ತಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಈ ಕಾಯ್ದೆಯನ್ನೂ ಸೇರಿಸಲಾಯಿತು.

ಮೊದಲ ವಿಮಾನ ರಾಂಚಿಯಲ್ಲಿಳಿದ ಮೇ 28ರಂದೇ ಸುಪ್ರೀಂ ಕೋರ್ಟ್ ಒಂದು ಮಧ್ಯಂತರ ಆದೇಶ ಕೊಟ್ಟಿತು. ಎರಡು ದಿನ ಮುಂಚೆ ತಾನಾಗಿ ಕೈಗೆತ್ತಿಕೊಂಡಿದ್ದ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಶೋಕ್ ಭೂಷಣ್, ಸಂಜಯ್ ಕಿಶನ್ ಕೌಲ್ ಮತ್ತು ಎಂ.ಆರ್. ಶಾ ಅವರ ಪೀಠ, ಊರಿಗೆ ಹೊರಟ ವಲಸೆ ಕಾರ್ಮಿಕರಿಂದ ರೈಲು ಬಸ್ಸಿನ ಟಿಕೆಟ್ ಹಣ ಪಡೆಯಕೂಡದು, ಕಾದಿರುವವರಿಗೆ ಊಟ ನೀರು ಒದಗಿಸಬೇಕು ಎಂದಿತು. ಬೆಳಿಗ್ಗೆ ದಾನದಿಂದ ಆದದ್ದನ್ನು ಅದೇ ದಿನ ನ್ಯಾಯಾಲಯ ಹಕ್ಕೆಂದು ಒಪ್ಪಿದಂತಾಯಿತು. ಈ ಎರಡೂ ಬೇಕು. ಹಸಿದವನನ್ನು ತೀರ್ಪು ಬರುವವರೆಗೆ ಕಾಯಿಸಲಾಗದು, ತೀರ್ಪಿಲ್ಲದೆ ಹಸಿವಿನ ಕಾರಣವೂ ನೀಗದು.

ಎರಡನೆಯ ಅಲೆಯ ರಾತ್ರಿಗಳು

2021ರ ಏಪ್ರಿಲ್, ಮೇ ತಿಂಗಳಲ್ಲಿ ಕಷ್ಟ ಎಲ್ಲರ ಮನೆಯೊಳಕ್ಕೇ ಬಂತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನದ ಹೊಸ ಪ್ರಕರಣಗಳು 50 ಸಾವಿರ ದಾಟಿದವು. ನಾಡಿನ ಎಲ್ಲ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳ ಮಾತೇ ಬದಲಾಯಿತು. ಹುಟ್ಟುಹಬ್ಬದ ಶುಭಾಶಯ, ಹಳೆಯ ಫೋಟೊ ಹೋಗಿ ಕೋವಿಡ್ ಪರೀಕ್ಷೆಯ ಎಸ್‌ಆರ್‌ಎಫ್ ಐಡಿ, ಬಿಯು ನಂಬರ್, ಸ್ಯಾಚುರೇಷನ್, ‘ವೆಂಟಿಲೇಟರ್ ಬೆಡ್ ಇದೆಯಾ’, ‘ಎಬಿ ಪಾಸಿಟಿವ್ ಪ್ಲಾಸ್ಮಾ ಬೇಕು’ ಎಂಬ ಮಾತುಗಳು ತುಂಬಿಕೊಂಡವು. ಸೋಂಕಿತರಿಗೆ ಕೊಡುತ್ತಿದ್ದ ಬಿಯು ನಂಬರ್ ಬಾರದೆ ಬೆಂಗಳೂರಿನಲ್ಲಿ ಸರ್ಕಾರಿ ಕೋಟಾದ ಹಾಸಿಗೆ ಸಿಗುತ್ತಿರಲಿಲ್ಲ. ಮೆಡಿಕಲ್ ಕಾಲೇಜಿನ ಬ್ಯಾಚುಗಳಲ್ಲಿ ವಿದೇಶದಲ್ಲಿದ್ದ ವೈದ್ಯರು ಅಲ್ಲಿನ ಹಗಲಿನಲ್ಲಿ ಇಲ್ಲಿನ ರಾತ್ರಿಯ ರೋಗಿಗಳಿಗೆ ಫೋನಿನಲ್ಲಿ ಸಲಹೆ ಕೊಟ್ಟರು. ಎಂಜಿನಿಯರಿಂಗ್ ಕಾಲೇಜಿನವರು ಖಾಲಿ ಸಿಲಿಂಡರ್ ತುಂಬಿಸುವ ಜಾಗಗಳ ಪಟ್ಟಿ ಮಾಡಿ ಗಂಟೆಗೊಮ್ಮೆ ತಿದ್ದಿದರು.

ಹೊರದೇಶದಿಂದ ಹಣ ಕಳಿಸಹೊರಟವರಿಗೆ ಒಂದು ತೊಡಕು ಎದುರಾಯಿತು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಗಳಿಕೆಯಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಆದರೆ ಅದೇ ಬ್ಯಾಚಿನ ಗೆಳೆಯ ಅಮೆರಿಕದ ಪ್ರಜೆಯಾಗಿದ್ದರೆ ಅವನ ಹಣಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ಬಳಿಕ ಅಂಥ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯ ಖಾತೆಗೆ ಬರಬೇಕಿತ್ತು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿರಲಿಲ್ಲ. ಕೊಡುವ ಮನಸ್ಸಿದ್ದೂ ಕೊಡುವ ದಾರಿ ತಿಳಿಯದೆ ಅಮೂಲ್ಯವಾದ ದಿನಗಳು ಕಳೆದುಹೋದವು. ಅಂಥ ಹೊತ್ತಿನಲ್ಲಿ ಗುಂಪಿನಲ್ಲೊಬ್ಬ ವಕೀಲರೋ ಲೆಕ್ಕಪರಿಶೋಧಕರೋ ಇದ್ದರೆ ಅವರೇ ಆಸರೆ.

ಮುಂದಿನವರಿಗೆ

ಹಳೆಯ ವಿದ್ಯಾರ್ಥಿ ಸಂಘವೆಂದರೆ ವರ್ಷಕ್ಕೊಂದು ಸಮಾವೇಶ, ಸನ್ಮಾನ, ಊಟ ಎಂದುಕೊಂಡಿದ್ದೇವೆ. ಆ ಊಟ ನಡೆಯುತ್ತಲೇ ಇರಲಿ. ಕಷ್ಟ ಬಂದ ದಿನ ಫೋನ್ ಎತ್ತುವ ಸಲಿಗೆ ಉಳಿಯುವುದು ಅಂಥ ಭೇಟಿಗಳಿಂದಲೇ. ಆದರೆ ನಂಟು ಕೆಲಸಕ್ಕೆ ಬರಬೇಕಾದರೆ ಅದನ್ನು ಒಳ್ಳೆಯ ದಿನಗಳಲ್ಲೇ ಹದವಾಗಿಟ್ಟುಕೊಳ್ಳಬೇಕು, ಮಳೆಗೆ ಮುಂಚೆ ಕೆರೆಯ ಹೂಳೆತ್ತಿದ ಹಾಗೆ. ಯಾರು ಯಾವ ಜಿಲ್ಲೆಯಲ್ಲಿದ್ದಾರೆ, ಯಾರ ಕಸುಬೇನು, ಯಾರಿಗೆ ಯಾವ ಭಾಷೆ ಬರುತ್ತದೆ ಎಂಬ ಪಟ್ಟಿ ವರ್ಷವರ್ಷವೂ ತಿದ್ದಿರಬೇಕು. ತುರ್ತಿಗೆಂದು ಪ್ರತ್ಯೇಕ ನಿಧಿ, ಅದನ್ನು ಖರ್ಚು ಮಾಡಲು ಸಭೆ ಕರೆಯದೆ ಒಪ್ಪಿಗೆ ಕೊಡಬಲ್ಲ ಇಬ್ಬರು ಮೂವರು, ಆಮೇಲೆ ಎಲ್ಲರ ಮುಂದಿಡುವ ಲೆಕ್ಕ, ಇಷ್ಟು ಬೇಕು. ಕಾರ್ಮಿಕರ ಜೊತೆ, ಆಶಾ ಕಾರ್ಯಕರ್ತೆಯರ ಜೊತೆ, ಸ್ಥಳೀಯ ಸಂಸ್ಥೆಗಳ ಜೊತೆ ಪರಿಚಯ ಇರಬೇಕು. 2020ರ ಮೇ ತಿಂಗಳ ಆ ಮೂರು ದಿನಗಳಲ್ಲಿ ಬಸ್ತಿಯ ಸಂಸ್ಥೆಗಳು ಹೆಸರು ಕೊಡದೆ ಹೋಗಿದ್ದರೆ ಕೂಡಿಸಿದ ಹಣ ಬ್ಯಾಂಕಿನಲ್ಲೇ ಉಳಿಯುತ್ತಿತ್ತು.

ಎಲ್ಲ ಕಾಲೇಜುಗಳೂ ವಿಮಾನ ಕಳಿಸಲಾರವು, ಕಳಿಸಬೇಕಾಗಿಯೂ ಇಲ್ಲ. ಕೃಷಿ ಕಾಲೇಜಿನವರಿಗೆ ಮಾರುಕಟ್ಟೆ ಮುಚ್ಚಿದಾಗ ರೈತನ ಟೊಮೆಟೊ ಸಾಗಿಸುವ ದಾರಿ ಗೊತ್ತು. ಶಿಕ್ಷಣ ಕಾಲೇಜಿನವರಿಗೆ ಮೊಬೈಲ್ ಇಲ್ಲದ ಮಕ್ಕಳಿಗೆ ವಠಾರದಲ್ಲೇ ಪಾಠ ಹೇಳುವುದು ಗೊತ್ತು. ನರ್ಸಿಂಗ್ ಶಾಲೆಯವರು ಕೊಡಬಲ್ಲದ್ದನ್ನು ಕೋಟ್ಯಧಿಪತಿಗಳೂ ಕೊಡಲಾರರು. ಕಲಿತ ವಿದ್ಯೆಯನ್ನೇ ಕೊಡುಗೆಯಾಗಿಸುವುದು ಯಾವ ಸಂಸ್ಥೆಗೂ ಸಾಧ್ಯ. ಕಾನೂನು ಶಾಲೆಗಳ ಹಳೆಯ ವಿದ್ಯಾರ್ಥಿಗಳಿಗೆ ಮಾತ್ರ ಹೆಚ್ಚಿನ ಹೊಣೆಯೊಂದಿದೆ. ಊರಿಗೆ ಮರಳುವ ಖರ್ಚು ಕಾರ್ಮಿಕನ ಹಕ್ಕೆಂದು ಬರೆದ ಮಾತು ಪ್ರತಿ ಕಟ್ಟಡದ ಕೆಲಸದ ಜಾಗದಲ್ಲಿ, ಪ್ರತಿ ಇಟ್ಟಿಗೆ ಗೂಡಿನಲ್ಲಿ ಪಾಲನೆಯಾಗುವಂತೆ ನೋಡಿಕೊಳ್ಳುವುದು ಆ ಹೊಣೆ. 2020ರ ಮೇ ತಿಂಗಳಲ್ಲಿ ಅವರು ಶುರುಮಾಡಿದ ಕೆಲಸ ಪೂರ್ತಿಯಾಗುವುದು ಅಂದೇ.